ಗೇಣಿ ಅಕ್ಕಿಯಿಂದ ಡಿವಿಡೆಂಡ್ ವಾರಂಟಿನ ತನಕ

ಕಳೆದ ಚೌತಿಗೆ ಮೊದಲು ವಾಶಿಯ ಮನೆಗೆ ಬಣ್ಣ ಹೊಡೆಸುವಾಗ ಲಾಫ್ಟಿನಿಂದ ಅಪ್ಪನ ಲೆಕ್ಕದ ಪುಸ್ತಕವೊಂದು ಕೆಳಗಿಳಿಯಿತು. ಹಳೆಯ ದಿನಸಿ ಅಂಗಡಿಗಳಲ್ಲಿ ಕಾಣುತ್ತಿದ್ದಂಥ, ಕೆಂಪು ಬಟ್ಟೆಯ ರಟ್ಟಿನ ಉದ್ದ ಪುಸ್ತಕ. ಮೊದಲ ಪುಟಗಳಲ್ಲಿ ಊರಿನ ಗೇಣಿಯ ಲೆಕ್ಕವಿದೆ: ಯಾವ ಗದ್ದೆ, ಯಾರು ಒಕ್ಕಲು, ಎಷ್ಟು ಮುಡಿ ಅಕ್ಕಿ ಬಂತು, ಎಷ್ಟು ಬಾಕಿ. ಆ ಲೆಕ್ಕ 1973ಕ್ಕೆ ನಿಲ್ಲುತ್ತದೆ. ಆಮೇಲೆ ನಾಲ್ಕೈದು ಖಾಲಿ ಹಾಳೆ. 1978ರಲ್ಲಿ ಅದೇ ಕೈಬರಹದಲ್ಲಿ ಇನ್ನೊಂದು ಲೆಕ್ಕ ಶುರುವಾಗುತ್ತದೆ: ಕಂಪನಿಯ ಹೆಸರು, ಷೇರು 25, ಡಿವಿಡೆಂಡ್ ಶೇ. 16, ರೂ. 40, ವಾರಂಟ್ ಬಂದ ದಿನ, ಬ್ಯಾಂಕಿಗೆ ಹಾಕಿದ ದಿನ.

ಒಂದೇ ಪುಸ್ತಕದಲ್ಲಿ ಎರಡು ಲೆಕ್ಕ ಇರುವುದು ಕಾಗದ ಉಳಿಸಲಿಕ್ಕೆ ಅಂತ ನಾನು ಮೊದಲು ತಿಳಿದಿದ್ದೆ. ಓದುತ್ತ ಹೋದಂತೆ, ಅಪ್ಪನ ಮಟ್ಟಿಗೆ ಅವೆರಡೂ ಒಂದೇ ಜಾತಿಯ ಲೆಕ್ಕವಾಗಿದ್ದವು ಅನ್ನಿಸಿತು. ಊರು ಬಿಟ್ಟು ಬಂದವರು ಮುಪ್ಪಿಗೆ ಏನು ಮಾಡಿಕೊಂಡರು ಎಂಬ ಚರಿತ್ರೆಯ ಒಂದು ತುಂಡು ಆ ಪುಸ್ತಕದಲ್ಲಿದೆ. ಅದನ್ನು ಇಲ್ಲಿ ಬಿಡಿಸಿ ಹೇಳಲು ನೋಡುತ್ತೇನೆ. ಕೊನೆಗೆ ನನ್ನದೊಂದು ತಪ್ಪೊಪ್ಪಿಗೆಯೂ ಇದೆ.

ಊರೇ ಪಿಂಚಣಿಯಾಗಿದ್ದ ಕಾಲ

ಅಪ್ಪ 1952ರಲ್ಲಿ ಉಡುಪಿ ಕಡೆಯಿಂದ ಮುಂಬಯಿಗೆ ಬಂದವರು. ಹಗಲು ಹೋಟೆಲಿನ ಕೆಲಸ, ರಾತ್ರಿ ಫೋರ್ಟಿನ ಕನ್ನಡ ರಾತ್ರಿಶಾಲೆ, ಆಮೇಲೆ ಒಂದು ಖಾಸಗಿ ಆಫೀಸಿನಲ್ಲಿ ಗುಮಾಸ್ತಿಕೆ. ಅವರ ತಲೆಮಾರಿನ ಸಾವಿರಾರು ಜನ ಹಾದುಹೋದ ದಾರಿ ಅದು. ಸರ್ಕಾರಿ ನೌಕರಿಯವರಿಗೆ ಪಿಂಚಣಿ ಇತ್ತು. ಖಾಸಗಿ ಆಫೀಸಿನವರಿಗೆ 1952ರ ಕಾನೂನಿನ ಪ್ರಕಾರ ಸಿಗುವ ಪಿ.ಎಫ್. ಮಾತ್ರ: ಕೊನೆಯ ದಿನ ಕೈಗೆ ಬರುವ ಒಂದು ಗಂಟು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ಗಾದೆ ಮಾಡಿದವರಿಗೆ ಗಂಟಿನ ಆಯುಷ್ಯ ಎಷ್ಟೆಂದು ಗೊತ್ತಿತ್ತು. ಗಂಟು ಕರಗುತ್ತದೆ. ವರ್ಷ ವರ್ಷ ಬರುವುದು ಬೇರೆ ಏನಾದರೂ ಬೇಕು.

ಆ ಬೇರೆ ಏನಾದರೂ ಅಂದರೆ ಊರಿನ ಭೂಮಿ. ಸ್ವಲ್ಪ ಗದ್ದೆ ಇದ್ದವರು ಅದನ್ನು ಗೇಣಿಗೆ ಕೊಟ್ಟು ಬಂದಿರುತ್ತಿದ್ದರು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಗ್ಯಾರಂಟಿ. ಮುಂಬಯಿಯಲ್ಲಿ ದುಡಿದು, ವಯಸ್ಸಾದ ಮೇಲೆ ಊರಿಗೆ ಹೋಗಿ ಗೇಣಿ ಅಕ್ಕಿ ಉಂಡು ಬದುಕುವುದು ಎಂದೇ ಎಲ್ಲರ ಲೆಕ್ಕಾಚಾರ.

1974ರ ಮಾರ್ಚ್ 1ರಂದು ಅದು ಮುಗಿಯಿತು. ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿ ಅಂದಿನಿಂದ ಜಾರಿಗೆ ಬಂದು, ಗೇಣಿಯ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿ, ಅರ್ಜಿ ಹಾಕಿದ ಒಕ್ಕಲಿನ ಹೆಸರಿಗೆ ಆಗತೊಡಗಿತು. ನಮ್ಮ ಕಡೆ ಅದನ್ನು ಈಗಲೂ 'ಡಿಕ್ಲರೇಶನ್ ಹಾಕಿದ್ದು' ಅಂತಲೇ ಹೇಳುತ್ತಾರೆ. ನನ್ನ ಅಮ್ಮನ ತವರು ಮನೆ ಒಕ್ಕಲು. ಅವರಿಗೆ ಭೂಮಿ ಬಂತು. ಅಪ್ಪನ ಮನೆ ಸಣ್ಣ ಧಣಿ, ಅವರಿಂದ ಹೋಯಿತು. ಆ ಕಾನೂನಿನ ನ್ಯಾಯದ ಬಗ್ಗೆ ನಮ್ಮ ಮನೆಯ ಊಟದ ಮಣೆಯಲ್ಲೇ ಎರಡು ಪಕ್ಷಗಳಿದ್ದವು. ಗದ್ದೆಯ ಕೆಸರು ಮೆಟ್ಟಿದವನಿಗೆ ಗದ್ದೆ ಸೇರಿದ್ದು ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ಮುಂಬಯಿಯ ಒಬ್ಬ ಗುಮಾಸ್ತನ ಮುಪ್ಪಿನ ಆಧಾರ ಅಂದು ಕಳಚಿಬಿತ್ತು ಎಂಬುದೂ ನಿಜ. ಪುಸ್ತಕದ ಖಾಲಿ ಹಾಳೆಗಳು ಆ ವರ್ಷಗಳವು.

1974ರ ಇನ್ನೆರಡು ಕಾನೂನುಗಳು

ಅದಕ್ಕೆ ಎರಡೇ ತಿಂಗಳ ಹಿಂದೆ, 1974ರ ಜನವರಿ 1ರಂದು, ದಿಲ್ಲಿಯ ಇನ್ನೊಂದು ಕಾನೂನು ಜಾರಿಗೆ ಬಂದಿತ್ತು. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆ, ಎಲ್ಲರ ಬಾಯಲ್ಲಿ 'ಫೆರಾ'. ಭಾರತದಲ್ಲಿ ವ್ಯಾಪಾರ ಮಾಡುವ ವಿದೇಶಿ ಕಂಪನಿಗಳು, ಕೆಲವು ವಿನಾಯಿತಿಗಳ ಹೊರತು, ತಮ್ಮ ಪಾಲನ್ನು ಶೇ. 40ಕ್ಕೆ ಇಳಿಸಬೇಕು; ಉಳಿದದ್ದನ್ನು ಭಾರತೀಯರಿಗೆ ಮಾರಬೇಕು. ಒಪ್ಪದ ಕೋಕಾಕೋಲಾ ಮತ್ತು ಐಬಿಎಂ ದೇಶ ಬಿಟ್ಟವು. ಆಗ ಕೈಗಾರಿಕಾ ಮಂತ್ರಿಯಾಗಿದ್ದವರು ನಮ್ಮ ಮಂಗಳೂರಿನ ಜಾರ್ಜ್ ಫೆರ್ನಾಂಡಿಸ್. ಮುಂಬಯಿಯ ಟ್ಯಾಕ್ಸಿಯವರನ್ನೂ ಮುನಿಸಿಪಾಲಿಟಿ ಕಾರ್ಮಿಕರನ್ನೂ ಸಂಘಟಿಸಿ, 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದವರು. ಸಮಾಜವಾದಿಗಳು ಒತ್ತಾಯದಿಂದ ಜಾರಿಮಾಡಿದ ಒಂದು ಕಾನೂನು ಮುಂಬಯಿಯ ಗುಮಾಸ್ತರನ್ನು ದೊಡ್ಡ ದೊಡ್ಡ ಕಂಪನಿಗಳ ಪಾಲುದಾರರನ್ನಾಗಿ ಮಾಡಿತು ಎಂಬುದು ಆ ಕಾಲದ ತಮಾಷೆ.

ದೇಶ ಬಿಡದ ಕಂಪನಿಗಳು ಷೇರು ಮಾರಿದವು. ಬೆಲೆ ಎಷ್ಟಿರಬೇಕೆಂದು ನಿರ್ಧರಿಸುತ್ತಿದ್ದದ್ದು ಕಂಪನಿಯಲ್ಲ, ದಿಲ್ಲಿಯಲ್ಲಿ ಕೂತ ಬಂಡವಾಳ ವಿತರಣಾ ನಿಯಂತ್ರಕರ ಕಚೇರಿ. ಬೆಲೆ ಕಡಿಮೆಯೇ ಇರುತ್ತಿತ್ತು. ಅದೇ ಹೊತ್ತಿಗೆ, 1977ರಲ್ಲಿ, ರಿಲಯನ್ಸ್ ಹತ್ತು ರೂಪಾಯಿಯ ಷೇರು ಮಾರಲು ಬಂದಾಗ ಸುಮಾರು 58,000 ಜನ ಕೊಂಡರು. ಮುಂದಿನ ದಶಕದಲ್ಲಿ ಅದರ ವಾರ್ಷಿಕ ಸಭೆಗೆ ಸಭಾಂಗಣ ಸಾಲದೆ ಕೂಪರೇಜ್ ಫುಟ್‌ಬಾಲ್ ಮೈದಾನವೇ ಬೇಕಾಯಿತು.

ಷೇರು ಎಂಬುದು ನಮ್ಮ ಕರಾವಳಿಯವರಿಗೆ ತೀರ ಹೊಸದೇನೂ ಆಗಿರಲಿಲ್ಲ. 1906ರ ಕೆನರಾ ಬ್ಯಾಂಕು ಮತ್ತು ಕಾರ್ಪೊರೇಶನ್ ಬ್ಯಾಂಕು, 1924ರ ಕರ್ಣಾಟಕ ಬ್ಯಾಂಕು, 1925ರ ಸಿಂಡಿಕೇಟ್ ಬ್ಯಾಂಕು, 1931ರ ವಿಜಯಾ ಬ್ಯಾಂಕು ಇವೆಲ್ಲ ಹುಟ್ಟಿದ್ದು ಊರವರ ಸಣ್ಣ ಸಣ್ಣ ಪಾಲುಗಳಿಂದ. ಸಿಂಡಿಕೇಟ್ ಬ್ಯಾಂಕಿನ ಮೊದಲ ಬಂಡವಾಳ 8,000 ರೂಪಾಯಿ. ಅದೇ ಬ್ಯಾಂಕು 1928ರಲ್ಲಿ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಒಟ್ಟುಮಾಡುವ ಪಿಗ್ಮಿ ಶುರುಮಾಡಿತು. ಆದರೆ 1969ರ ಜುಲೈಯಲ್ಲಿ ಕೆನರಾ, ಸಿಂಡಿಕೇಟ್ ಸೇರಿ 14 ಬ್ಯಾಂಕುಗಳು ಸರ್ಕಾರದ ಪಾಲಾದವು. 1980ರಲ್ಲಿ ವಿಜಯಾ, ಕಾರ್ಪೊರೇಶನ್ ಕೂಡ. ಪಾಲುದಾರರ ಕೈಗೆ ಬಂದದ್ದು ಪರಿಹಾರದ ಕಾಗದ.

ಮೂರನೆಯ ಕಾನೂನನ್ನು ಇವತ್ತು ಬಹಳ ಜನ ಮರೆತಿದ್ದಾರೆ. 1974ರ ಜುಲೈಯಲ್ಲಿ, ಬೆಲೆಯೇರಿಕೆ ತಡೆಯುವ ಹೆಸರಿನಲ್ಲಿ, ಇಂದಿರಾ ಗಾಂಧಿಯವರ ಸರ್ಕಾರ ಡಿವಿಡೆಂಡಿಗೇ ಮಿತಿ ಹಾಕಿ ಸುಗ್ರೀವಾಜ್ಞೆ ಹೊರಡಿಸಿತು. ಕಂಪನಿ ಎಷ್ಟೇ ಗಳಿಸಲಿ, ಲಾಭದ ಮೂರನೆಯ ಒಂದು ಭಾಗ ಅಥವಾ ಮುಖಬೆಲೆಯ ಶೇ. 12, ಯಾವುದು ಕಡಿಮೆಯೋ ಅಷ್ಟೇ ಹಂಚಬೇಕು. ಪೇಟೆ ಕುಸಿಯಿತು. ಹೀಗೆ ಒಂದೇ ವರ್ಷದಲ್ಲಿ ಗೇಣಿ ಹೋಯಿತು, ಷೇರಿನ ಬಾಗಿಲು ತೆರೆಯಿತು, ಆ ಬಾಗಿಲಿಗೆ ಅಡ್ಡಪಟ್ಟಿಯೂ ಬಿತ್ತು. ಅಪ್ಪ 1978ರ ತನಕ ಕಾದದ್ದಕ್ಕೆ ಕಾರಣ ನನಗೆ ಈಗ ಅರ್ಥವಾಗುತ್ತದೆ. ಅಡ್ಡಪಟ್ಟಿ ಸಡಿಲಾದ ಮೇಲೆ, ಔಷಧ ಮಾಡುವ ಒಂದು ವಿದೇಶಿ ಕಂಪನಿಯ 25 ಷೇರುಗಳನ್ನು ತಲಾ 15 ರೂಪಾಯಿ ಕೊಟ್ಟು ಕೊಂಡರು. ಒಟ್ಟು 375 ರೂಪಾಯಿ.

375 ರೂಪಾಯಿ ಏನಾಯಿತು

ಡಿವಿಡೆಂಡಿನ ಶೇಕಡಾವಾರು ಹೊಸಬರನ್ನು ಗಲಿಬಿಲಿ ಮಾಡುತ್ತದೆ. ಶೇ. 16 ಅಂದರೆ ನಾವು ಕೊಟ್ಟ ಬೆಲೆಯ ಮೇಲಲ್ಲ, ಷೇರಿನ ಮುಖಬೆಲೆಯ ಮೇಲೆ. ಹತ್ತು ರೂಪಾಯಿ ಮುಖಬೆಲೆಗೆ 1 ರೂಪಾಯಿ 60 ಪೈಸೆ. 25 ಷೇರಿಗೆ 40 ರೂಪಾಯಿ. ಆಗಿನ ಬ್ಯಾಂಕ್ ಠೇವಣಿಗೆ ಹೋಲಿಸಿದರೆ ಹೇಳಿಕೊಳ್ಳುವಂಥದ್ದೇನೂ ಅಲ್ಲ. ಆಟ ಇರುವುದು ಆಮೇಲೆ. ಕಂಪನಿ ಲಾಭದ ಒಂದು ಪಾಲು ಹಂಚಿ, ಮಿಕ್ಕದ್ದನ್ನು ವ್ಯಾಪಾರಕ್ಕೆ ಹಾಕುತ್ತದೆ. ವ್ಯಾಪಾರ ಬೆಳೆದರೆ ಮುಂದಿನ ವರ್ಷದ ಪಾಲೂ ಬೆಳೆಯುತ್ತದೆ. ಉಳಿಸಿದ ಲಾಭ ದೊಡ್ಡದಾದಾಗ ಬೋನಸ್ ಷೇರು ಕೊಡುತ್ತದೆ. ಅಪ್ಪನ ಪುಸ್ತಕದ ಪ್ರಕಾರ ಒಂದಕ್ಕೊಂದು ಬೋನಸ್ ಎರಡು ಸಲ ಬಂದು 25 ಷೇರು 100 ಆಯಿತು. 1992ರಲ್ಲಿ ಡಿವಿಡೆಂಡ್ ಶೇ. 40: ಷೇರಿಗೆ ನಾಲ್ಕು ರೂಪಾಯಿ, ಒಟ್ಟು 400. ಕೊಟ್ಟ 375 ರೂಪಾಯಿಗಿಂತ ಒಂದು ವರ್ಷದ ಡಿವಿಡೆಂಡೇ ಹೆಚ್ಚು. ಆ 14 ವರ್ಷಗಳಲ್ಲಿ ಬೆಲೆಗಳು ಮೂರುಪಟ್ಟಿಗಿಂತ ಹೆಚ್ಚಾಗಿದ್ದವು, ಡಿವಿಡೆಂಡ್ ಹತ್ತುಪಟ್ಟಾಗಿತ್ತು.

ಬಂದ ಡಿವಿಡೆಂಡನ್ನು ಅಪ್ಪ ಕೆಲಸದಲ್ಲಿ ಇರುವವರೆಗೂ ಖರ್ಚು ಮಾಡಲಿಲ್ಲ. ಅಂಚಿನಲ್ಲಿ 'ಬೀಜಕ್ಕೆ' ಎಂದು ಬರೆದು, ಅದು ಕೂಡಿದಾಗ ಇನ್ನೊಂದು ಕಂಪನಿಯ ಹತ್ತಿಪ್ಪತ್ತು ಷೇರು ಕೊಳ್ಳುತ್ತಿದ್ದರು. ನಿವೃತ್ತಿಯ ಹೊತ್ತಿಗೆ ಹನ್ನೊಂದು ಕಂಪನಿಗಳಾಗಿದ್ದವು.

ಹನ್ನೊಂದರಲ್ಲಿ ನಾಲ್ಕು ಸತ್ತವು ಎಂಬುದನ್ನೂ ಹೇಳಬೇಕು. ಒಂದು ಬಟ್ಟೆ ಗಿರಣಿ, ದಶಕಗಟ್ಟಲೆ ಡಿವಿಡೆಂಡ್ ಕೊಟ್ಟದ್ದು. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದ ಮೇಲೆ ಅದು ಏಳಲೇ ಇಲ್ಲ. ಅದರ ಷೇರು ಪತ್ರ ಇವತ್ತಿಗೂ ಪುಸ್ತಕದ ನಡುವೆ ಇದೆ, ಒಳ್ಳೆಯ ದಪ್ಪ ಕಾಗದ. ಇನ್ನು ಮೂರು ಕಂಪನಿಗಳು ಇದ್ದೂ ಇಲ್ಲದಂತೆ ಇದ್ದವು. ಮುಂದೆ ಮನೆ ನಡೆಸಿದ್ದು ಮಿಕ್ಕ ನಾಲ್ಕು. ಯಾವ ನಾಲ್ಕು ಎಂದು ಅಪ್ಪನಿಗೆ ಮೊದಲೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಹನ್ನೊಂದು ಕೊಂಡದ್ದು, ಬದುಕಿದ್ದನ್ನು ಮಾರದೆ ಉಳಿಸಿದ್ದು.

ರೈಲು ಬಂದ ವರ್ಷ

ವಾಶಿಯ ಈ ಸಿಡ್ಕೋ ಮನೆಗೆ ನಾವು ಬಂದದ್ದು 1984ರಲ್ಲಿ. ಆಗ ಖಾಡಿಯ ಸೇತುವೆ ಇತ್ತು, ರೈಲು ಇರಲಿಲ್ಲ. ಬಸ್ಸಿನಲ್ಲಿ ಮಾನ್‌ಖುರ್ದ್, ಅಲ್ಲಿಂದ ಲೋಕಲ್. ಎಂಟು ವರ್ಷ ಹಾಗೆ ಓಡಾಡಿ ಅಪ್ಪ 1992ರ ಮಾರ್ಚಿಯಲ್ಲಿ ನಿವೃತ್ತರಾದರು. ವಾಶಿಗೆ ರೈಲು ಬಂದದ್ದು ಮೇ 9ರಂದು.

ಆ ಮಾರ್ಚಿಗೂ ಮೇ ತಿಂಗಳಿಗೂ ನಡುವೆ ಏನಾಯಿತೆಂದು ಮುಂಬಯಿಯವರಿಗೆ ಹೇಳಬೇಕಾಗಿಲ್ಲ. ಹರ್ಷದ್ ಮೆಹ್ತಾನ ಕಾಲ. ಎಸಿಸಿ ಸಿಮೆಂಟಿನ ಷೇರು 200ರ ಆಸುಪಾಸಿನಿಂದ 9,000ದ ಹತ್ತಿರ ಹೋಗಿತ್ತು. ಪಿ.ಎಫ್.ನ ಗಂಟು ಆಗಷ್ಟೇ ಅಪ್ಪನ ಕೈಗೆ ಬಂದಿತ್ತು. ಆಫೀಸಿನ ಸ್ನೇಹಿತರೊಬ್ಬರು ಮನೆಗೇ ಬಂದು, ಬ್ಯಾಂಕಿನಲ್ಲಿ ಇಟ್ಟು ಕೊಳೆಸುತ್ತೀರಾ ಎಂದು ಕೇಳಿದ್ದು ನನಗೆ ನೆನಪಿದೆ. ನಾನೂ ಅವರ ಪಕ್ಷ. ಅಪ್ಪ ಹೇಳಿದ್ದು ಇಷ್ಟೇ: "ಅದು ವರ್ಷಕ್ಕೆ ಎಷ್ಟು ಕೊಡುತ್ತದೆ ಹೇಳಿ." ಏರಿದ ಬೆಲೆಗೆ ಹೋಲಿಸಿದರೆ ಡಿವಿಡೆಂಡ್ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಏಪ್ರಿಲ್ 22ರಂದು ಸೆನ್ಸೆಕ್ಸ್ 4,467 ಮುಟ್ಟಿತು. ಮರುದಿನ ಸುಚೇತಾ ದಲಾಲ್ ಅವರ ವರದಿ ಪತ್ರಿಕೆಯಲ್ಲಿ ಬಂತು. ಆ ಸ್ನೇಹಿತರು ತಮ್ಮ ಗ್ರಾಚ್ಯುಟಿಯ ಬಹುಪಾಲು ಕಳೆದುಕೊಂಡರು.

ಈ ಊರಿಗೆ ಅದೇನೂ ಹೊಸತಲ್ಲ. ಅಮೆರಿಕದ ಅಂತರ್ಯುದ್ಧದ ಹೊತ್ತಿಗೆ, 1861ರಿಂದ 65ರವರೆಗೆ, ಲ್ಯಾಂಕಾಶೈರಿಗೆ ಭಾರತದ ಹತ್ತಿ ಬೇಕಾಯಿತು; ನಮ್ಮ ಧಾರವಾಡದ ಹತ್ತಿಗೂ ಚಿನ್ನದ ಬೆಲೆ ಬಂತು. ಆ ದುಡ್ಡೆಲ್ಲ ಮುಂಬಯಿಯಲ್ಲಿ ಸಮುದ್ರ ತುಂಬಿಸುವ ಕಂಪನಿಗಳ ಸಟ್ಟಾಕ್ಕೆ ಇಳಿಯಿತು. 5,000 ರೂಪಾಯಿಯ ಬ್ಯಾಕ್ ಬೇ ಷೇರು ಹತ್ತುಪಟ್ಟಿನ ಹತ್ತಿರ ಏರಿತು. ಯುದ್ಧ ನಿಂತಿತು, 1865ರ ಜುಲೈ 1ರ ವಾಯಿದೆಯ ದಿನ ಯಾರ ಕೈಯಲ್ಲೂ ದುಡ್ಡಿರಲಿಲ್ಲ. ಬ್ಯಾಂಕ್ ಆಫ್ ಬಾಂಬೆ ಕೂಡ ಮುಳುಗಿ 1868ರಲ್ಲಿ ಮುಚ್ಚಿತು. ಟೌನ್ ಹಾಲಿನ ಬಳಿ ಆಲದ ಮರದಡಿ ಸೇರುತ್ತಿದ್ದ ದಲಾಲರು 1875ರಲ್ಲಿ ಸಂಘ ಕಟ್ಟಿದರು. ಅದೇ ಇಂದಿನ ಬಿಎಸ್‌ಇ. ಪಾಲು ಹಿಡಿದು ಫಲ ತಿನ್ನುವವರು, ಬೆಲೆಯ ಮೇಲೆ ಬಾಜಿ ಕಟ್ಟುವವರು ಇಬ್ಬರೂ ಅಂದಿನಿಂದ ಒಂದೇ ಪೇಟೆಯಲ್ಲಿ ಇದ್ದಾರೆ.

ಪಿ.ಎಫ್. ಗಂಟನ್ನು ಅಪ್ಪ ಬ್ಯಾಂಕು ಮತ್ತು ಅಂಚೆ ಕಚೇರಿಯಲ್ಲಿ ಇಟ್ಟರು. ಅಲ್ಲಿ ಬೇರೆ ಬಗೆಯ ಪೆಟ್ಟು ಬಿತ್ತು. ಆಗ ಪಿಪಿಎಫ್‌ಗೆ ಶೇ. 12, ಬ್ಯಾಂಕಿನಲ್ಲೂ ಆಸುಪಾಸು ಅಷ್ಟೇ. 2000ದ ಜನವರಿಯ ನಂತರ ಪಿಪಿಎಫ್ ಇಳಿಯುತ್ತ 2003ಕ್ಕೆ ಶೇ. 8 ಆಯಿತು; ಬ್ಯಾಂಕಿನಲ್ಲಿ ಆರರ ಆಸುಪಾಸು. ಬಡ್ಡಿಯನ್ನೇ ನಂಬಿದವರ ತಿಂಗಳ ಆದಾಯ ಅರ್ಧವಾದಾಗ ಅಕ್ಕಿಯ ಬೆಲೆ ಅರ್ಧವಾಗಿರಲಿಲ್ಲ. ಆ ವರ್ಷಗಳಲ್ಲಿ ನಮ್ಮ ಮನೆಯ ಕೊರತೆ ತುಂಬಿದ್ದು ಆ ನಾಲ್ಕು ಕಂಪನಿಗಳ ವಾರಂಟುಗಳು. 1997ರ ಜೂನ್‌ನಿಂದ, 2002-03ರ ಒಂದು ವರ್ಷ ಬಿಟ್ಟರೆ, ಡಿವಿಡೆಂಡ್ ಪಡೆಯುವವರ ಕೈಯಲ್ಲಿ ತೆರಿಗೆ ಇರಲಿಲ್ಲ ಎಂಬ ಅನುಕೂಲವೂ ಇತ್ತು.

ನಾನು ಮಾಡಿದ್ದು

ಅಪ್ಪ 2006ರಲ್ಲಿ ತೀರಿಕೊಂಡರು. ಷೇರುಗಳು ಅಮ್ಮನ ಹೆಸರಿಗೆ ಬಂದವು. ಓಡಾಟ ಕಷ್ಟ ಎಂದು ಕೆಲವನ್ನು ಅಮ್ಮ ನನ್ನ ಡಿಮ್ಯಾಟ್ ಖಾತೆಗೆ ಕೊಟ್ಟರು. ಆಗ ನನಗೆ ನಲವತ್ತರ ಹತ್ತಿರ, ಪೇಟೆ ದಿನಕ್ಕೊಂದು ಎತ್ತರ. ಹಾರ್ಬರ್ ಲೈನಿನ ನಮ್ಮ ಡಬ್ಬಿಯಲ್ಲಿ ಎಲ್ಲರ ಮಾತೂ ಅದೇ. ವರ್ಷಕ್ಕೆ ಎರಡು ಸಲ ಬರುವ ಡಿವಿಡೆಂಡ್ ನನಗೆ ಮುದುಕರ ವ್ಯವಹಾರವಾಗಿ ಕಂಡಿತು. ಆ ಷೇರುಗಳನ್ನು ಮಾರ್ಜಿನ್ ಎಂದು ಅಡವಿಟ್ಟು ಫ್ಯೂಚರ್ಸ್ ಆಡಿದೆ. ಐದು ತಿಂಗಳು ಗೆದ್ದೆ. 2008ರ ಜನವರಿ 21ರಂದು ಸೆನ್ಸೆಕ್ಸ್ ಒಂದೇ ದಿನ 1,408 ಅಂಶ ಬಿತ್ತು, ಮರುದಿನ ಮತ್ತೆ ಬಿತ್ತು. ಮಾರ್ಜಿನ್ ತುಂಬಲು ನನ್ನಲ್ಲಿ ದುಡ್ಡಿರಲಿಲ್ಲ. ನಿಯಮದ ಪ್ರಕಾರ ಅಡವಿಟ್ಟ ಷೇರುಗಳನ್ನು ಮಾರಲಾಯಿತು. ಅವುಗಳಲ್ಲಿ 1978ರ ಆ ಔಷಧ ಕಂಪನಿಯದ್ದೂ ಇತ್ತು.

ಅಮ್ಮನಿಗೆ ಹೇಳಲಿಲ್ಲ. ಆ ವರ್ಷ ಮಳೆಗಾಲ ಮುಗಿಯುವಾಗ ಅಮ್ಮನೇ ಕೇಳಿದರು: "ಈ ಸಲ ಆ ಮದ್ದಿನ ಕಂಪನಿಯದ್ದು ಬರಲಿಲ್ಲವಾ ಮಗ?" ಗೇಣಿ ಅಕ್ಕಿ ಬರುವ ತಿಂಗಳು ಅವರಿಗೆ ಗೊತ್ತಿದ್ದ ಹಾಗೆಯೇ ಇದೂ ಗೊತ್ತಿತ್ತು. ಗೇಣಿಯನ್ನು ನಿಲ್ಲಿಸಿದ್ದು ಕಾನೂನು, ಅದರ ಹಿಂದೆ ಒಂದು ನ್ಯಾಯವಿತ್ತು. ಇದನ್ನು ನಿಲ್ಲಿಸಿದವನು ನಾನು.

ನನ್ನದೇ ವಿಶೇಷ ದುರದೃಷ್ಟ ಎಂದು ಬಹಳ ಕಾಲ ಅಂದುಕೊಂಡಿದ್ದೆ. 2024ರ ಸೆಪ್ಟೆಂಬರಿನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳುತ್ತದೆ. 2022ರಿಂದ 2024ರ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ. 93 ಮಂದಿ ಕಳೆದುಕೊಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮಿಕ್ಕಿ. ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಮಾಡಿದವರು ಶೇ. 1. ಷೇರುಗಳನ್ನೇ ಪದೇ ಪದೇ ಕೊಂಡು ಮಾರುವವರ ಕಥೆಯೂ ಇದಕ್ಕಿಂತ ದೂರವಿಲ್ಲ. ಅಮೆರಿಕದಲ್ಲಿ ಬಾರ್ಬರ್ ಮತ್ತು ಓಡಿಯನ್ 1991ರಿಂದ 96ರವರೆಗಿನ 66,000ಕ್ಕೂ ಹೆಚ್ಚು ಮನೆಗಳ ಖಾತೆ ನೋಡಿದರು: ಪೇಟೆ ವರ್ಷಕ್ಕೆ ಶೇ. 17.9 ಕೊಟ್ಟಾಗ, ಅತಿ ಹೆಚ್ಚು ವ್ಯವಹಾರ ಮಾಡಿದವರಿಗೆ ದಕ್ಕಿದ್ದು ಶೇ. 11.4.

ಡಿವಿಡೆಂಡನ್ನು ದೇವರು ಮಾಡುವುದೂ ಬೇಡ. ಕೊಟ್ಟಷ್ಟು ಷೇರಿನ ಬೆಲೆಯಿಂದ ಇಳಿಯುತ್ತದೆ. ಅದು ಬಿಟ್ಟಿ ಹಣವಲ್ಲ. ವಾರನ್ ಬಫೆಟ್‌ರ ಬರ್ಕ್‌ಶೈರ್ ಅವರ ಕಾಲದಲ್ಲಿ ಡಿವಿಡೆಂಡ್ ಕೊಟ್ಟದ್ದು ಒಂದೇ ಸಲ, 1967ರಲ್ಲಿ, ಪಾಲುದಾರರು ಬಡವರಾಗಲಿಲ್ಲ. 2020ರ ಏಪ್ರಿಲ್‌ನಲ್ಲಿ ಕೋವಿಡ್ ಬಂದಾಗ ಬ್ಯಾಂಕುಗಳು ಡಿವಿಡೆಂಡ್ ಕೊಡಬಾರದೆಂದು ರಿಸರ್ವ್ ಬ್ಯಾಂಕು ತಡೆಯಿತು. ಅದೇ ತಿಂಗಳಿಂದ ಡಿವಿಡೆಂಡ್ ಮತ್ತೆ ನಮ್ಮ ಕೈಯಲ್ಲಿ ತೆರಿಗೆಗೆ ಒಳಗಾಯಿತು, ಶೇ. 30ರ ಹಂತದಲ್ಲಿ ಇರುವವರಿಗೆ ಅದು ಸಣ್ಣದಲ್ಲ. ಬೆಲೆ ಬಿದ್ದದ್ದರಿಂದ ಮಾತ್ರ ದೊಡ್ಡದಾಗಿ ಕಾಣುವ ಡಿವಿಡೆಂಡೂ ಇರುತ್ತದೆ. ನಮ್ಮ ಗಿರಣಿಯದ್ದು ಕೊನೆಯ ವರ್ಷಗಳಲ್ಲಿ ಹಾಗೇ ಇತ್ತು. ಅಪ್ಪನ ಕ್ರಮದ ಬಲ ನನಗೆ ಕಾಣುವುದು ಬೇರೆ ಕಡೆ. ಮಾರದೆ ಕೂತಿರುವುದು ಬಹಳ ಕಷ್ಟ. ವರ್ಷಕ್ಕೊಮ್ಮೆ ಬರುವ ಆ ಸಣ್ಣ ಮೊತ್ತ, ಇದೊಂದು ವ್ಯಾಪಾರ, ಇದರಲ್ಲಿ ನನಗೆ ಪಾಲಿದೆ ಎಂದು ನೆನಪಿಸುತ್ತದೆ. ಕೂತಿರಲು ಅದು ಸಂಬಳ.

ನಮ್ಮ ಬಿಲ್ಡಿಂಗಿನಲ್ಲಿ ಶಿವಮೊಗ್ಗದ ಹುಡುಗನೊಬ್ಬ ಬಾಡಿಗೆಗೆ ಇದ್ದಾನೆ, ಐರೋಲಿಯಲ್ಲಿ ಸಾಫ್ಟ್‌ವೇರ್ ಕೆಲಸ. ವಾರದ ಎಕ್ಸ್‌ಪೈರಿಯ ದಿನ ಅವನ ಮುಖ ನೋಡಿದರೇ ಲೆಕ್ಕ ತಿಳಿಯುತ್ತದೆ. ಪುಸ್ತಕ ತೋರಿಸಿದೆ. "ಸರ್, ನಲವತ್ತು ರೂಪಾಯಿಗೆ ಹದಿನಾಲ್ಕು ವರ್ಷ ಕಾಯೋದಾ?" ಅಂದ. "ನಿನಗೆ ಪಿಂಚಣಿ ಇದೆಯಾ ಮಾರಾಯ?" ಎಂದು ಕೇಳಿದೆ. ಇಲ್ಲ. ಊರಿನಲ್ಲಿ ಗದ್ದೆ? ಅಪ್ಪ ಮಾರಿದ್ದಾರೆ, ಇವನ ಓದಿಗೆ. 1974ರ ಖಾಲಿ ಹಾಳೆಯಲ್ಲೇ ಅವನೂ ನಿಂತಿದ್ದಾನೆ. ಆದರೆ ಅವನಿಗೆ ಇನ್ನೂ ಮೂವತ್ತು ವರ್ಷ ಇದೆ, ನನಗೆ ಮೂರು.

ಪುಸ್ತಕ ಸಿಕ್ಕಿದ್ದರಿಂದ ಒಂದು ಉಪಕಾರವಾಯಿತು. ಅದರಲ್ಲಿದ್ದ ಒಂದು ಕಂಪನಿಯ ಪತ್ರವನ್ನು ನಾವು ಡಿಮ್ಯಾಟ್ ಮಾಡಿಸಿರಲೇ ಇಲ್ಲ. ಏಳು ವರ್ಷ ಸತತವಾಗಿ ಡಿವಿಡೆಂಡ್ ಪಡೆಯದಿದ್ದರೆ ಷೇರುಗಳೇ ಕೇಂದ್ರ ಸರ್ಕಾರದ ಹೂಡಿಕೆದಾರರ ನಿಧಿಗೆ ಹೋಗುತ್ತವೆ, ಐಇಪಿಎಫ್ ಎನ್ನುತ್ತಾರೆ. ಹೋದದ್ದನ್ನು ವಾಪಸು ಕೇಳಲು ದಾರಿ ಇದೆ. ಅರ್ಜಿ, ಅಪ್ಪನ ಮರಣಪತ್ರ, ಅಮ್ಮನ ಸಹಿ ಎಲ್ಲ ಕಳಿಸಿದ್ದೇನೆ. ನಿಮ್ಮ ಮನೆಯ ಲಾಫ್ಟಿನಲ್ಲೂ ಇಂಥ ಪುಸ್ತಕ ಇರಬಹುದು, ಒಮ್ಮೆ ನೋಡಿ. ಹಾಗೆಯೇ 2008ರ ವಿಷಯವನ್ನೂ ಅಮ್ಮನಿಗೆ ಹೇಳಿದೆ. ಅವರಿಗೀಗ ಎಂಬತ್ತನಾಲ್ಕು. "ಗೊತ್ತಿತ್ತು," ಅಂದರು. "ವಾಪಸು ತೆಗೆದುಕೊಂಡೆಯಾ?" ಕಳೆದ ವರ್ಷದಿಂದ ತಿಂಗಳಿಗೆ ಎರಡು ಮೂರರಂತೆ ತೆಗೆದುಕೊಳ್ಳುತ್ತಿದ್ದೇನೆ. ಪುಸ್ತಕದಲ್ಲಿ ಅಪ್ಪನ ಕೊನೆಯ ಸಾಲಿನ ಕೆಳಗೆ ಈಗ ನನ್ನ ಅಕ್ಷರದಲ್ಲಿ ಒಂದು ಸಾಲು ಇದೆ. ಷೇರು 31.